ಸಹಗುಣಕ ನೋಡಿ ಮೂಲಗಳ ಜಾಗ ಪತ್ತೆ ಹಚ್ಚುವುದು ಹೇಗೆ?

ವರ್ಗ ಸಮೀಕರಣಕ್ಕೆ ಸೂತ್ರವಿದೆ, ಎಲ್ಲರಿಗೂ ಗೊತ್ತು. ಡಿಗ್ರಿ (ಸಮೀಕರಣದ ಅತಿ ದೊಡ್ಡ ಘಾತ) ಮೂರು, ನಾಲ್ಕಕ್ಕೂ ಸೂತ್ರಗಳಿವೆ. ಆದರೆ ಅವು ಎಷ್ಟು ಉದ್ದವೆಂದರೆ ಯಾರೂ ಕೈಯಲ್ಲಿ ಬಳಸುವುದಿಲ್ಲ. ಡಿಗ್ರಿ ಐದು ಅಥವಾ ಅದಕ್ಕಿಂತ ಹೆಚ್ಚಾದರೆ ಕೂಡು, ಕಳೆ, ಗುಣಿಸು, ಭಾಗಿಸು, ಘಾತಮೂಲ ತೆಗೆ ಎಂಬ ಕ್ರಿಯೆಗಳಿಂದ ಮಾಡಿದ ಸಾಮಾನ್ಯ ಸೂತ್ರವೇ ಸಾಧ್ಯವಿಲ್ಲ. ಇದನ್ನು 1824ರಲ್ಲಿ ನಾರ್ವೆಯ ಏಬೆಲ್ ಸಾಧಿಸಿ ತೋರಿಸಿದ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಮೂಲದ (ಬಹುಪದೋಕ್ತಿಯನ್ನು ಸೊನ್ನೆ ಮಾಡುವ ಸಂಖ್ಯೆ) ನಿಖರ ಬೆಲೆ ಸಿಗದಿದ್ದರೂ ಅದು ಎಲ್ಲಿ ಇರಬಹುದು, ಎಲ್ಲಿ ಇರಲು ಸಾಧ್ಯವೇ ಇಲ್ಲ ಎಂಬುದನ್ನು ಸಹಗುಣಕಗಳೇ, ಅಂದರೆ ಪ್ರತಿ ಘಾತದ ಮುಂದಿರುವ ಸಂಖ್ಯೆಗಳೇ, ಹೇಳುತ್ತವೆ. ಬಹಳ ಸಲ ನಮಗೆ ಬೇಕಾಗಿರುವುದೂ ಅಷ್ಟೇ. ಒಂದು ಯಂತ್ರದ ನಿಯಂತ್ರಣ ವ್ಯವಸ್ಥೆ ಸ್ಥಿರವಾಗಿದೆಯೇ ಎಂದು ತಿಳಿಯಲು ಮೂಲಗಳು ಸೊನ್ನೆಯ ಎಡಭಾಗದಲ್ಲಿ, ಅಂದರೆ ಋಣ ಕಡೆ, ಇವೆಯೋ ಇಲ್ಲವೋ ಎಂದಷ್ಟೇ ಗೊತ್ತಾದರೆ ಸಾಕು. ದಶಮಾಂಶದ ಆರನೇ ಸ್ಥಾನ ಯಾರಿಗೂ ಬೇಕಿಲ್ಲ.

ಇದಕ್ಕೆ ಹತ್ತಾರು ಪ್ರಮೇಯಗಳಿವೆ. ಅವನ್ನೆಲ್ಲ ಬಾಯಿಪಾಠ ಮಾಡುವುದು ಸುಮ್ನೆ ತಲೆನೋವು. ಒಂದೊಂದು ಪರೀಕ್ಷೆ ಒಂದೊಂದು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ಒಂದು ಎಷ್ಟು ದೂರ ಎಂದು ಹೇಳಿದರೆ, ಇನ್ನೊಂದು ಯಾವ ಕಡೆ ಎನ್ನುತ್ತದೆ, ಮತ್ತೊಂದು ಎಷ್ಟು ಮೂಲಗಳು ವಾಸ್ತವ ಎಂದು ಎಣಿಸುತ್ತದೆ. ಅಗ್ಗದ ಪರೀಕ್ಷೆಗಳನ್ನು ಮೊದಲು ಹಾಕಿ, ಅವುಗಳ ಉತ್ತರಗಳನ್ನು ಒಂದರ ಮೇಲೊಂದು ಜೋಡಿಸಿದರೆ ಮೂಲಗಳಿಗೆ ಓಡಾಡಲು ಜಾಗವೇ ಉಳಿಯುವುದಿಲ್ಲ. ಇದನ್ನು ಒಂದೇ ಉದಾಹರಣೆ ಹಿಡಿದು ಮಾಡಿ ನೋಡೋಣ:

ಪ(ಚ) = ಚ⁴ + 2ಚ³ − 5ಚ² + 3ಚ − 20

ಇಲ್ಲಿ ಚ ಎಂದರೆ ಚರಾಕ್ಷರ. ಸಹಗುಣಕಗಳೆಲ್ಲ ವಾಸ್ತವ ಸಂಖ್ಯೆಗಳು ಎಂದು ಲೇಖನದ ಉದ್ದಕ್ಕೂ ಇಟ್ಟುಕೊಳ್ಳೋಣ. ಹಾಗಿದ್ದರೆ ಸಂಕೀರ್ಣ ಮೂಲಗಳು (−1ರ ವರ್ಗಮೂಲ ಸೇರಿದ, ವಾಸ್ತವ ಸಂಖ್ಯಾರೇಖೆಯ ಹೊರಗಿನ ಮೂಲಗಳು) ಯಾವಾಗಲೂ ಜೋಡಿಯಾಗಿ ಬರುತ್ತವೆ, ವಾಸ್ತವ ರೇಖೆಗಿಂತ ಮೇಲ್ಗಡೆ ಒಂದು, ಅದರ ಪ್ರತಿಬಿಂಬ ಕೆಳಗಡೆ ಒಂದು. ಈ ಒಂದು ಸಂಗತಿ ಮುಂದೆ ಪದೇ ಪದೇ ಕೆಲಸಕ್ಕೆ ಬರುತ್ತದೆ.

ಹಂತ 1: ಬಹುಪದೋಕ್ತಿಯನ್ನು ಸಿದ್ಧ ಮಾಡಿಕೊಳ್ಳಿ

ಘಾತಗಳನ್ನು ಇಳಿಕೆ ಕ್ರಮದಲ್ಲಿ ಬರೆಯಿರಿ. ಕಾಣೆಯಾದ ಪದದ ಜಾಗದಲ್ಲಿ 0 ಬರೆಯಿರಿ, ಬಿಟ್ಟುಬಿಡಬೇಡಿ. ಸ್ಥಿರಾಂಕವೇ ಸೊನ್ನೆಯಾಗಿದ್ದರೆ ಚ ಅನ್ನು ಸಾಮಾನ್ಯ ಅಪವರ್ತನವಾಗಿ ಹೊರತೆಗೆಯಿರಿ, ಸೊನ್ನೆ ಒಂದು ಮೂಲ ಎಂದು ಬದಿಗಿಡಿ. ಕೊನೆಗೆ ಇಡೀ ಬಹುಪದೋಕ್ತಿಯನ್ನು ಮೊದಲ ಸಹಗುಣಕದಿಂದ ಭಾಗಿಸಿ, ಅದು 1 ಆಗಲಿ. ಇದರಿಂದ ಮೂಲಗಳು ಬದಲಾಗುವುದಿಲ್ಲ, ಸೂತ್ರಗಳು ಮಾತ್ರ ಚಿಕ್ಕವಾಗುತ್ತವೆ.

ನಮ್ಮ ಉದಾಹರಣೆಯಲ್ಲಿ ಇದೆಲ್ಲ ಆಗಿಯೇ ಇದೆ. ಸಹಗುಣಕಗಳ ಸಾಲು: 1, 2, −5, 3, −20.

ಹಂತ 2: ಮೊತ್ತ ಮತ್ತು ಗುಣಲಬ್ಧ

ಶಾಲೆಯಲ್ಲಿ ವರ್ಗ ಸಮೀಕರಣಕ್ಕೆ ಕಲಿತದ್ದೇ ಇಲ್ಲೂ ನಡೆಯುತ್ತದೆ. 16ನೇ ಶತಮಾನದ ಫ್ರೆಂಚ್ ಗಣಿತಜ್ಞ ವಿಯೆಟ್ ಹೆಸರಿನ ಸಂಬಂಧಗಳು ಇವು. ಮೊದಲ ಸಹಗುಣಕ 1 ಆಗಿದ್ದಾಗ ಎರಡನೇ ಸಹಗುಣಕದ ಚಿಹ್ನೆ ಬದಲಿಸಿದರೆ ಮೂಲಗಳ ಮೊತ್ತ. ಸ್ಥಿರಾಂಕವು ಮೂಲಗಳ ಗುಣಲಬ್ಧ, ಡಿಗ್ರಿ ಬೆಸವಾಗಿದ್ದರೆ ಅದರ ಚಿಹ್ನೆಯನ್ನೂ ಬದಲಿಸಬೇಕು.

ಇಲ್ಲಿ ಮೊತ್ತ −2, ಗುಣಲಬ್ಧ −20. ಡಿಗ್ರಿ 4, ಹಾಗಾಗಿ ಮೂಲಗಳ ಸರಾಸರಿ −0.5. ನಾಲ್ಕು ಮೂಲಗಳನ್ನು ಸಂಕೀರ್ಣ ಸಮತಲದಲ್ಲಿ ಗುರುತಿಸಿದರೆ ಅವುಗಳ ನಡುಬಿಂದು −0.5ರಲ್ಲಿದೆ ಎಂದರ್ಥ. ಸೊನ್ನೆಯಿಂದ ಮೂಲಗಳಿಗೆ ಇರುವ ದೂರಗಳನ್ನು ಗುಣಿಸಿದರೆ 20 ಬರಬೇಕು. 20ರ ನಾಲ್ಕನೇ ಘಾತಮೂಲ ಸುಮಾರು 2.11. ಎಲ್ಲ ಮೂಲಗಳೂ 2.11ಕ್ಕಿಂತ ದೂರ ಇರಲಾರವು, ಎಲ್ಲವೂ ಅದಕ್ಕಿಂತ ಹತ್ತಿರವೂ ಇರಲಾರವು. ಹತ್ತು ಸೆಕೆಂಡಿನ ಲೆಕ್ಕಕ್ಕೆ ಇಷ್ಟು ಮಾಹಿತಿ ಕಡಿಮೆಯೇನಲ್ಲ.

ಇನ್ನೊಂದು ಮಾತು. ಗುಣಲಬ್ಧ ಋಣವಾಗಿದೆ. ಸಂಕೀರ್ಣ ಜೋಡಿಯೊಂದರ ಗುಣಲಬ್ಧ ಯಾವಾಗಲೂ ಧನ. ಹಾಗಾಗಿ ನಾಲ್ಕೂ ಮೂಲಗಳು ಸಂಕೀರ್ಣವಾಗಿರಲು ಸಾಧ್ಯವಿಲ್ಲ. ಕನಿಷ್ಠ ಒಂದು ಧನ, ಒಂದು ಋಣ ಮೂಲ ಇದ್ದೇ ಇದೆ.

ಹಂತ 3: ಎಷ್ಟು ದೂರದವರೆಗೆ ಹುಡುಕಬೇಕು?

ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ಹೋಗೋಣ.

1829ರಲ್ಲಿ ಕೋಶಿ ಕೊಟ್ಟ ಮಿತಿ ಬಹಳ ಸರಳ. ಮೊದಲ ಸಹಗುಣಕ 1 ಆಗಿರಲಿ. ಉಳಿದವುಗಳಲ್ಲಿ, ಚಿಹ್ನೆ ಬಿಟ್ಟು, ಅತಿ ದೊಡ್ಡದನ್ನು ಮ ಎನ್ನಿ. ಆಗ ಎಲ್ಲ ಮೂಲಗಳೂ ಸೊನ್ನೆಯಿಂದ 1 + ಮ ದೂರದೊಳಗೇ ಇರುತ್ತವೆ. ವಾಸ್ತವ ಮೂಲಗಳಷ್ಟೇ ಅಲ್ಲ, ಸಂಕೀರ್ಣ ಮೂಲಗಳೂ.

ಯಾಕೆ ಹೀಗೆ? ಸೊನ್ನೆಯಿಂದ ರ ದೂರದಲ್ಲಿರುವ ಒಂದು ಬಿಂದು ತೆಗೆದುಕೊಳ್ಳಿ. ಅಲ್ಲಿ ಚ⁴ನ ಗಾತ್ರ ರ⁴. ಉಳಿದ ಪದಗಳೆಲ್ಲ ಸೇರಿ ಹೆಚ್ಚೆಂದರೆ ಮ(ರ³ + ರ² + ರ + 1) ಆಗಬಹುದು. ಆವರಣದ ಒಳಗಿನದು (ರ⁴ − 1)/(ರ − 1)ಕ್ಕೆ ಸಮ. ಈಗ ರ ಎಂಬುದು 1 + ಮ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಮ ಎಂಬುದು ರ − 1ನ್ನು ಮೀರುವುದಿಲ್ಲ. ಅಂದರೆ ಉಳಿದ ಪದಗಳ ಒಟ್ಟು ಗಾತ್ರ ರ⁴ − 1ನ್ನು ದಾಟುವುದಿಲ್ಲ. ರ⁴ ಅನ್ನು ರದ್ದು ಮಾಡಿ ಸೊನ್ನೆ ತರಲು ಅಷ್ಟು ಸಾಲದು. ಅಷ್ಟೇ ಸಾಧನೆ. ಯಾವ ಡಿಗ್ರಿಗೂ ಇದೇ ವಾದ.

ನಮ್ಮ ಉದಾಹರಣೆಯಲ್ಲಿ ಮ = 20. ಮಿತಿ 21. ಸರಿಯೇ, ಆದರೆ ಪ್ರಯೋಜನ ಕಡಿಮೆ ಅಲ್ವಾ? ಗುಣಲಬ್ಧವೇ 20 ಇರುವಾಗ 21ರ ತನಕ ಹುಡುಕುವುದು ಯಾಕೆ?

ತೊಂದರೆ ಏನೆಂದರೆ ಕೋಶಿ ಮಿತಿ ಎಲ್ಲ ಸಹಗುಣಕಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ನಿಜಕ್ಕೂ ಸ್ಥಿರಾಂಕ 20 ಎಂಬುದು ನಾಲ್ಕು ಮೂಲಗಳ ಗುಣಲಬ್ಧ, 2 ಎಂಬುದು ಬರೀ ಮೊತ್ತ. ಎರಡನ್ನೂ ನೇರವಾಗಿ ಹೋಲಿಸಬಾರದು. ಪರಿಹಾರ ಅಳತೆ ಬದಲಿಸುವುದು. ಚ = 2ವ ಎಂದು ಹಾಕಿ:

16ವ⁴ + 16ವ³ − 20ವ² + 6ವ − 20

16ರಿಂದ ಭಾಗಿಸಿದರೆ ಸಹಗುಣಕಗಳು 1, 1, −1.25, 0.375, −1.25. ಈಗ ಕೋಶಿ ಮಿತಿ 1 + 1.25 = 2.25. ಇದು ವ ಇರುವ ದೂರ. ಚ ಬೇಕಾದರೆ ಎರಡರಿಂದ ಗುಣಿಸಿ: 4.5. ಒಂದೇ ಹೆಜ್ಜೆಯಲ್ಲಿ 21 ಹೋಗಿ 4.5 ಆಯಿತು.

ಹಾಗಾದರೆ ಎಷ್ಟರಿಂದ ಅಳತೆ ಬದಲಿಸಬೇಕು? ಹಂತ 2ರಲ್ಲಿ ಸಿಕ್ಕ 2.11ರಂಥ ಸಂಖ್ಯೆಯ ಹತ್ತಿರದ ಸುಲಭ ಪೂರ್ಣಾಂಕ ಸಾಕು. ಇಷ್ಟನ್ನೂ ಯೋಚಿಸಲು ಬೇಜಾರಾದರೆ 1916ರಲ್ಲಿ ಜಪಾನಿನ ಫುಜಿವಾರ ಕೊಟ್ಟ ಮಿತಿ ಬಳಸಿ. ಅದರಲ್ಲಿ ಅಳತೆಯ ಲೆಕ್ಕ ಒಳಗೇ ಸೇರಿಕೊಂಡಿದೆ. ಎರಡನೇ ಸಹಗುಣಕವನ್ನು ಹಾಗೇ ತೆಗೆದುಕೊಳ್ಳಿ, ಮೂರನೆಯದರ ವರ್ಗಮೂಲ, ನಾಲ್ಕನೆಯದರ ಘನಮೂಲ, ಹೀಗೆ ಮುಂದುವರಿಸಿ. ಸ್ಥಿರಾಂಕಕ್ಕೆ ಮಾತ್ರ ಮೊದಲು ಅರ್ಧ ಮಾಡಿ ಆಮೇಲೆ ಘಾತಮೂಲ ತೆಗೆಯಿರಿ. ಎಲ್ಲದರಲ್ಲೂ ಚಿಹ್ನೆ ಬಿಡಿ. ಅತಿ ದೊಡ್ಡದನ್ನು ಎರಡರಿಂದ ಗುಣಿಸಿ.

ನಮಗೆ: 2, √5 = 2.236, 3ರ ಘನಮೂಲ 1.442, 10ರ ನಾಲ್ಕನೇ ಘಾತಮೂಲ 1.778. ದೊಡ್ಡದು 2.236. ಮಿತಿ 4.47.

ಈಗ ಒಳಗಿನ ಮಿತಿ. ಸಹಗುಣಕಗಳ ಸಾಲನ್ನು ಹಿಂದುಮುಂದು ಮಾಡಿ ಬರೆದರೆ ಸಿಗುವ ಬಹುಪದೋಕ್ತಿಯ ಮೂಲಗಳು ಮೊದಲಿನ ಮೂಲಗಳ ವ್ಯುತ್ಕ್ರಮಗಳು. ಅದಕ್ಕೆ ಹೊರಮಿತಿ ಕಂಡುಹಿಡಿದು ತಲೆಕೆಳಗು ಮಾಡಿದರೆ ಮೊದಲಿನ ಬಹುಪದೋಕ್ತಿಗೆ ಒಳಮಿತಿ. −20, 3, −5, 2, 1 ಸಾಲನ್ನು −20ರಿಂದ ಭಾಗಿಸಿದರೆ, ಚಿಹ್ನೆ ಬಿಟ್ಟು, 1, 0.15, 0.25, 0.1, 0.05. ಫುಜಿವಾರ ಲೆಕ್ಕ: 0.15, 0.5, 0.464, 0.398. ದೊಡ್ಡದರ ಎರಡರಷ್ಟು 1. ವ್ಯುತ್ಕ್ರಮವೂ 1.

ಅಂದರೆ ನಾಲ್ಕೂ ಮೂಲಗಳು ಸೊನ್ನೆಯಿಂದ 1 ಮತ್ತು 4.47ರ ನಡುವಿನ ಬಳೆಯಾಕಾರದ ಜಾಗದಲ್ಲಿ ಸಿಕ್ಕಿಬಿದ್ದಿವೆ. ಇನ್ನೂ ಒಂದು ಮೂಲವನ್ನೂ ನಾವು ಬಿಡಿಸಿಲ್ಲ.

ಹಂತ 4: ಚಿಹ್ನೆಗಳನ್ನು ಎಣಿಸಿ

1637ರಲ್ಲಿ ಡೆಕಾರ್ಟ್ ಪ್ರಕಟಿಸಿದ ನಿಯಮ. ಸಹಗುಣಕಗಳ ಸಾಲಿನಲ್ಲಿ, ಸೊನ್ನೆಗಳನ್ನು ಬಿಟ್ಟು, ಚಿಹ್ನೆ ಎಷ್ಟು ಸಲ ಬದಲಾಗುತ್ತದೆ ಎಂದು ಎಣಿಸಿ. ಧನ ಮೂಲಗಳ ಸಂಖ್ಯೆ ಅಷ್ಟೇ ಇರುತ್ತದೆ, ಇಲ್ಲವೇ ಅದಕ್ಕಿಂತ ಎರಡು, ನಾಲ್ಕು, ಆರು ಹೀಗೆ ಸಮಸಂಖ್ಯೆಯಷ್ಟು ಕಡಿಮೆ ಇರುತ್ತದೆ. ಪುನರಾವರ್ತಿತ ಮೂಲಗಳನ್ನು ಅಷ್ಟು ಸಲ ಎಣಿಸಬೇಕು. ಋಣ ಮೂಲಗಳಿಗೆ ಬೆಸ ಘಾತಗಳ ಚಿಹ್ನೆ ಬದಲಿಸಿ ಮತ್ತೆ ಎಣಿಸಿ.

ನಮ್ಮ ಸಾಲು + + − + −. ಬದಲಾವಣೆ 3. ಧನ ಮೂಲಗಳು 3 ಅಥವಾ 1. ಬೆಸ ಘಾತಗಳನ್ನು ತಿರುಗಿಸಿದರೆ + − − − −. ಬದಲಾವಣೆ 1. ಒಂದೇ ಬದಲಾವಣೆ ಇದ್ದರೆ ಅನುಮಾನಕ್ಕೆ ಜಾಗವಿಲ್ಲ, ಋಣ ಮೂಲ ಒಂದೇ ಒಂದು.

ಮೂರೋ ಒಂದೋ ಎಂಬುದನ್ನು ಈ ನಿಯಮ ಹೇಳುವುದಿಲ್ಲ. ಅದಕ್ಕೆ ಮುಂದಿನ ಹಂತ.

ಹಂತ 5: ಎಲ್ಲವೂ ವಾಸ್ತವ ಮೂಲಗಳಾಗಿರಬಹುದೇ?

ಇಲ್ಲೊಂದು ಚಂದದ ಪರೀಕ್ಷೆ ಇದೆ, ಯಾಕೋ ಜಾಸ್ತಿ ಜನ ಬಳಸುವುದಿಲ್ಲ. ಎಲ್ಲ ಮೂಲಗಳೂ ವಾಸ್ತವವಾಗಿದ್ದು ಸ್ಥಿರಾಂಕ ಸೊನ್ನೆಯಲ್ಲದಿದ್ದರೆ, ನಡುವಿನ ಪ್ರತಿ ಸಹಗುಣಕದ ವರ್ಗವು ಅದರ ಎಡ ಬಲದ ಸಹಗುಣಕಗಳ ಗುಣಲಬ್ಧಕ್ಕಿಂತ ದೊಡ್ಡದಾಗಿರಲೇಬೇಕು. ಒಂದು ಕಡೆ ತಪ್ಪಿದರೂ ಸಾಕು, ಸಂಕೀರ್ಣ ಜೋಡಿ ಇದೆ ಎಂದು ತೀರ್ಮಾನ. ನ್ಯೂಟನ್ ಅಸಮಾನತೆಗಳ ಸರಳ ರೂಪ ಇದು.

ನಮ್ಮ ಸಾಲಿನಲ್ಲಿ 3ನ್ನು ನೋಡಿ. ವರ್ಗ 9. ಅಕ್ಕಪಕ್ಕ −5 ಮತ್ತು −20, ಗುಣಲಬ್ಧ 100. 9 ಚಿಕ್ಕದು. ಮುಗಿಯಿತು, ಎಲ್ಲ ಮೂಲಗಳೂ ವಾಸ್ತವ ಅಲ್ಲ. ಹಂತ 4ರ ಜತೆ ಸೇರಿಸಿದರೆ ಧನ ಮೂಲ ಒಂದು, ಋಣ ಮೂಲ ಒಂದು, ಸಂಕೀರ್ಣ ಜೋಡಿ ಒಂದು. ಬೇರೆ ಸಾಧ್ಯತೆ ಇಲ್ಲ.

ಕಾಣೆಯಾದ ಪದದ ಎರಡೂ ಬದಿ ಒಂದೇ ಚಿಹ್ನೆ ಇದ್ದರೂ ಇದೇ ಕಥೆ. ಸೊನ್ನೆಯ ವರ್ಗ ಧನ ಗುಣಲಬ್ಧವನ್ನು ಮೀರಲಾರದು. ಹಾಗಾಗಿ ಚ⁴ + 7ಚ² − ಚ − 3ರಲ್ಲಿ ಸಂಕೀರ್ಣ ಮೂಲಗಳಿವೆ ಎಂದು ಕಣ್ಣಲ್ಲೇ ಹೇಳಬಹುದು.

ಆದರೆ ಪರೀಕ್ಷೆ ಪಾಸಾದರೆ ಎಲ್ಲವೂ ವಾಸ್ತವ ಎಂದು ತಿಳಿಯಬೇಡಿ. ಅದಕ್ಕೆ ಇನ್ನೂ ಬಿಗಿಯಾದ ಷರತ್ತು ಬೇಕು. ಎಲ್ಲ ಸಹಗುಣಕಗಳೂ ಧನವಾಗಿದ್ದು, ನಡುವಿನ ಪ್ರತಿಯೊಂದರ ವರ್ಗವು ಅಕ್ಕಪಕ್ಕದ ಗುಣಲಬ್ಧದ ನಾಲ್ಕರಷ್ಟನ್ನು ಮೀರಿದರೆ, ಆಗ ಮೂಲಗಳೆಲ್ಲ ವಾಸ್ತವ, ಎಲ್ಲವೂ ಬೇರೆ ಬೇರೆ. ಉದಾಹರಣೆಗೆ ಚ³ + 10ಚ² + 20ಚ + 5. ಇಲ್ಲಿ 100 > 4×20, 400 > 4×50. ಬೆಲೆ ಹಾಕಿ ನೋಡಿದರೂ ಸರಿ: 0ಯಲ್ಲಿ 5, −1ರಲ್ಲಿ −6, −3ರಲ್ಲಿ 8, −8ರಲ್ಲಿ −27. ಚಿಹ್ನೆ ಮೂರು ಸಲ ಬದಲಾಯಿತು, ಮೂರೂ ಮೂಲಗಳು ಸಿಕ್ಕವು.

ಹಂತ 6: ವಾಸ್ತವ ಮೂಲಗಳನ್ನು ಮೂಲೆಗೆ ತಳ್ಳಿ

ಸಂಶ್ಲೇಷಿತ ಭಾಗಾಕಾರ ನೆನಪಿದೆಯಾ? ಮೊದಲ ಸಹಗುಣಕವನ್ನು ಹಾಗೇ ಕೆಳಗಿಳಿಸಿ, ಆಮೇಲೆ ಪ್ರತಿ ಸಲ ಹಿಂದಿನ ಉತ್ತರವನ್ನು ಭಾಜಕದಿಂದ ಗುಣಿಸಿ ಮುಂದಿನ ಸಹಗುಣಕಕ್ಕೆ ಕೂಡುತ್ತಾ ಹೋಗುವುದು. ಒಂದು ಧನ ಸಂಖ್ಯೆಯಿಂದ ಭಾಗಿಸಿದಾಗ ಕೆಳಗಿನ ಸಾಲಿನಲ್ಲಿ ಒಂದೂ ಋಣ ಸಂಖ್ಯೆ ಬರದಿದ್ದರೆ, ಆ ಸಂಖ್ಯೆಗಿಂತ ಆಚೆ ವಾಸ್ತವ ಮೂಲವಿಲ್ಲ. 3ರಿಂದ ಭಾಗಿಸಿ: 1, 5, 10, 33, 79. ಎಲ್ಲವೂ ಧನ. ಹಾಗಾಗಿ 3ರ ಆಚೆ ಏನೂ ಇಲ್ಲ. ಋಣ ಭಾಗಕ್ಕೆ ಬೆಸ ಘಾತಗಳ ಚಿಹ್ನೆ ತಿರುಗಿಸಿದ ಸಾಲನ್ನು, ಅಂದರೆ 1, −2, −5, −3, −20 ಅನ್ನು 4ರಿಂದ ಭಾಗಿಸಿ: 1, 2, 3, 9, 16. −4ರ ಈಚೆ ಕಡೆಯೇ ಮೂಲ ಇದೆ.

ಸಾಲಿನ ಕೊನೆಯ ಸಂಖ್ಯೆಯೇ ಆ ಬಿಂದುವಿನಲ್ಲಿ ಬಹುಪದೋಕ್ತಿಯ ಬೆಲೆ. ಪ(3) = 79, ಪ(−4) = 16. ಹಾಗೇ ಪ(2) = −2, ಪ(−3) = −47. ಧನ ಮೂಲ 2 ಮತ್ತು 3ರ ನಡುವೆ, ಋಣ ಮೂಲ −4 ಮತ್ತು −3ರ ನಡುವೆ. ಇಲ್ಲಿಂದ ಅರ್ಧ ಅರ್ಧ ಮಾಡುತ್ತಾ ಹೋದರೆ ಕ್ಯಾಲ್ಕುಲೇಟರಿನಲ್ಲಿ 2.049 ಮತ್ತು −3.851 ಸಿಗುತ್ತವೆ.

ಸಹಗುಣಕಗಳು ಪೂರ್ಣಾಂಕಗಳಾಗಿದ್ದರೆ ಭಿನ್ನರಾಶಿ ಮೂಲಗಳಿಗೂ ಒಂದು ಬೇಲಿ ಇದೆ. ಸಂಕ್ಷಿಪ್ತ ರೂಪದಲ್ಲಿ ಅಂಶವು ಸ್ಥಿರಾಂಕವನ್ನೂ ಛೇದವು ಮೊದಲ ಸಹಗುಣಕವನ್ನೂ ಭಾಗಿಸಬೇಕು. ನಮ್ಮ ಮೊದಲ ಸಹಗುಣಕ 1, ಹಾಗಾಗಿ ಭಾಗಲಬ್ಧ ಮೂಲ ಇದ್ದರೆ ಅದು ಪೂರ್ಣಾಂಕವೇ ಆಗಿರಬೇಕು. ಆದರೆ ನಮ್ಮ ಎರಡೂ ವಾಸ್ತವ ಮೂಲಗಳು ಅಕ್ಕಪಕ್ಕದ ಪೂರ್ಣಾಂಕಗಳ ನಡುವೆ ಬಿದ್ದಿವೆ. ಅವು ಅಭಾಗಲಬ್ಧ ಎಂಬುದು ಅಲ್ಲಿಗೆ ಖಚಿತ.

ಸಂಕೀರ್ಣ ಜೋಡಿಯನ್ನು ಹುಡುಕುವ ಅಗತ್ಯವೇ ಇಲ್ಲ. ಹಂತ 2ಕ್ಕೆ ವಾಪಸ್ ಹೋಗಿ. ಒಟ್ಟು ಮೊತ್ತ −2, ವಾಸ್ತವ ಮೂಲಗಳ ಮೊತ್ತ ಸುಮಾರು −1.802. ಉಳಿದದ್ದು −0.198. ಅಂದರೆ ಜೋಡಿಯ ವಾಸ್ತವ ಭಾಗ ಸುಮಾರು −0.099. ಒಟ್ಟು ಗುಣಲಬ್ಧ −20, ವಾಸ್ತವ ಮೂಲಗಳ ಗುಣಲಬ್ಧ ಸುಮಾರು −7.89. ಉಳಿದದ್ದು 2.534. ಸೊನ್ನೆಯಿಂದ ಜೋಡಿಯ ದೂರ ಅದರ ವರ್ಗಮೂಲ, 1.592. ಹಂತ 3ರ ಬಳೆಯೊಳಗೇ ಇದೆ.

ಹಂತ 7: ಎಡವೋ ಬಲವೋ?

ಎಂಜಿನಿಯರುಗಳು ಜಾಸ್ತಿ ಕೇಳುವ ಪ್ರಶ್ನೆ ಇದು. ಎಲ್ಲ ಮೂಲಗಳ ವಾಸ್ತವ ಭಾಗವೂ ಋಣವಾಗಿದ್ದರೆ ವ್ಯವಸ್ಥೆಯ ಕಂಪನ ಕಾಲಕ್ರಮೇಣ ಅಡಗುತ್ತದೆ. ಒಂದಾದರೂ ಬಲಕ್ಕೆ ಹೋದರೆ ಬೆಳೆಯುತ್ತದೆ. ರೌತ್ 1877ರಲ್ಲಿ, ಹರ್ವಿಟ್ಜ್ 1895ರಲ್ಲಿ ಬೇರೆ ಬೇರೆ ದಾರಿಯಿಂದ ಇದಕ್ಕೆ ಪೂರ್ಣ ಉತ್ತರ ಕೊಟ್ಟರು.

ಮೊದಲ ಜರಡಿ: ಎಲ್ಲ ಸಹಗುಣಕಗಳೂ ಒಂದೇ ಚಿಹ್ನೆಯವಾಗಿರಬೇಕು, ಒಂದೂ ಕಾಣೆಯಾಗಿರಬಾರದು. ಕಾರಣ ಸುಲಭ. ಎಡಭಾಗದ ವಾಸ್ತವ ಮೂಲ ಕೊಡುವ ಅಪವರ್ತನದಲ್ಲೂ, ಎಡಭಾಗದ ಸಂಕೀರ್ಣ ಜೋಡಿ ಕೊಡುವ ವರ್ಗ ಅಪವರ್ತನದಲ್ಲೂ ಸಹಗುಣಕಗಳೆಲ್ಲ ಧನವೇ. ಧನಗಳನ್ನು ಗುಣಿಸಿ ಕೂಡಿದರೆ ಧನವೇ ಬರುತ್ತದೆ. ನಮ್ಮ ಪ(ಚ) ಇಲ್ಲೇ ಫೇಲು.

ಆದರೆ ಎಲ್ಲವೂ ಧನ ಎಂದು ಖುಷಿಪಡುವುದು ಅವಸರ. ಡಿಗ್ರಿ 2ರ ತನಕ ಮಾತ್ರ ಅಷ್ಟು ಸಾಕು. ಚ³ + ಚ² + 2ಚ + 8 ನೋಡಿ. ಎಲ್ಲ ಧನ. ಅಪವರ್ತಿಸಿದರೆ (ಚ + 2)(ಚ² − ಚ + 4). ಎರಡನೇ ಅಪವರ್ತನದ ಮೂಲಗಳ ವಾಸ್ತವ ಭಾಗ 0.5, ಬಲಭಾಗದಲ್ಲಿವೆ!

ಡಿಗ್ರಿ 3ಕ್ಕೆ ಸರಿಯಾದ ಷರತ್ತು: ಚ³ + ಅಚ² + ಬಚ + ಕ ಎಂದಿದ್ದರೆ ಮೂರೂ ಧನವಾಗಿರಬೇಕು, ಜತೆಗೆ ಅ×ಬ > ಕ ಆಗಬೇಕು. ಮೇಲಿನದರಲ್ಲಿ 1×2 = 2, ಅದು 8ಕ್ಕಿಂತ ಚಿಕ್ಕದು. ಡಿಗ್ರಿ 4ಕ್ಕೆ, ಚ⁴ + ಅಚ³ + ಬಚ² + ಕಚ + ಡ ಎಂದಿದ್ದರೆ, ಎಲ್ಲವೂ ಧನ, ಜತೆಗೆ ಅ×ಬ×ಕ > ಕ² + ಅ²×ಡ. ಇವೆರಡನ್ನು ನೆನಪಿಟ್ಟುಕೊಂಡರೆ ದಿನನಿತ್ಯದ ಕೆಲಸ ನಡೆಯುತ್ತದೆ. ಡಿಗ್ರಿ ಇನ್ನೂ ಜಾಸ್ತಿ ಇದ್ದರೆ ಸಹಗುಣಕಗಳಿಂದಲೇ ಸಾಲು ಸಾಲಾಗಿ ತುಂಬುವ ರೌತ್ ಕೋಷ್ಟಕ ಬರೆಯುವುದೇ ವಾಸಿ.

ಹಂತ 8: ಏಕಮಾನ ವೃತ್ತದ ಒಳಗಾ, ಹೊರಗಾ?

ಡಿಜಿಟಲ್ ಫಿಲ್ಟರು, ಕಾಲಸರಣಿ ಇಂಥ ಕಡೆ ಪ್ರಶ್ನೆ ಬೇರೆ: ಮೂಲಗಳು ಸೊನ್ನೆಯಿಂದ 1ರೊಳಗೆ ಇವೆಯೇ? ಸ್ಥಿರಾಂಕದ ಗಾತ್ರ ಮೊದಲ ಸಹಗುಣಕಕ್ಕಿಂತ ದೊಡ್ಡದಾಗಿದ್ದರೆ ಉತ್ತರ ತಕ್ಷಣ "ಇಲ್ಲ". ಗುಣಲಬ್ಧವೇ 1ನ್ನು ಮೀರಿದ ಮೇಲೆ ಕನಿಷ್ಠ ಒಂದು ಮೂಲ ಹೊರಗಿರಲೇಬೇಕು.

ಸಹಗುಣಕಗಳೆಲ್ಲ ಧನವಾಗಿದ್ದರೆ ಎನೆಸ್ಟ್ರಾಮ್ ಮತ್ತು ಕಾಕೆಯ ಹೆಸರಿನ ಪ್ರಮೇಯ ಇನ್ನೂ ಒಳ್ಳೆಯ ಉತ್ತರ ಕೊಡುತ್ತದೆ. ಪ್ರತಿ ಸಹಗುಣಕವನ್ನು ಅದರ ಎಡಗಡೆ, ಅಂದರೆ ಒಂದು ಘಾತ ಮೇಲಿನ ಸಹಗುಣಕದಿಂದ ಭಾಗಿಸಿ. ಈ ಅನುಪಾತಗಳಲ್ಲಿ ಚಿಕ್ಕದು ಒಳಮಿತಿ, ದೊಡ್ಡದು ಹೊರಮಿತಿ. 5ಚ³ + 4ಚ² + 3ಚ + 2ಕ್ಕೆ ಅನುಪಾತಗಳು 4/5, 3/4, 2/3. ಮೂರೂ ಮೂಲಗಳು ಸೊನ್ನೆಯಿಂದ 0.667 ಮತ್ತು 0.8ರ ನಡುವೆ. ಎಷ್ಟು ಕಿರಿದಾದ ಬಳೆ ನೋಡಿ! ಒಂದೇ ಒಂದು ಸಹಗುಣಕ ಋಣವಾಗಿದ್ದರೂ ಈ ಪ್ರಮೇಯ ಕೈಕೊಡುತ್ತದೆ ಎಂಬುದು ನೆನಪಿರಲಿ.

ಹಂತ 9: ಒಂದು ಸಹಗುಣಕ ಉಳಿದವನ್ನು ಮೀರಿಸಿದಾಗ

ಚ⁵ − 20ಚ² + 3ಚ + 1 ತೆಗೆದುಕೊಳ್ಳಿ. 20 ಎದ್ದು ಕಾಣುತ್ತದೆ. ಇಂಥ ಕಡೆ ರೂಶೆ ಪ್ರಮೇಯ ಬಳಸಿ. ಒಂದು ವೃತ್ತದ ಮೇಲೆ ಯಾವುದೋ ಒಂದು ಪದದ ಗಾತ್ರ ಉಳಿದ ಎಲ್ಲ ಪದಗಳ ಗಾತ್ರಗಳ ಮೊತ್ತವನ್ನು ಮೀರಿದರೆ, ಆ ವೃತ್ತದ ಒಳಗೆ ಆ ಪದದ ಘಾತದಷ್ಟೇ ಮೂಲಗಳಿರುತ್ತವೆ. ಕೋಶಿ ಮಿತಿ ಇದರದೇ ಒಂದು ವಿಶೇಷ ಸಂದರ್ಭ, ಅಲ್ಲಿ ಮೀರಿಸುವುದು ಮೊದಲ ಪದ.

ತ್ರಿಜ್ಯ 0.5 ಇದ್ದಾಗ 20ಚ²ನ ಗಾತ್ರ 5. ಉಳಿದವು ಸೇರಿ 0.03 + 1.5 + 1, ಸುಮಾರು 2.53. ಮೀರಿತು. ಎರಡು ಮೂಲಗಳು 0.5ರ ಒಳಗೆ. ತ್ರಿಜ್ಯ 2.5 ಇದ್ದಾಗ 125, ಉಳಿದವು ಸುಮಾರು 106.2. ಈಗಲೂ ಒಳಗೆ ಎರಡೇ. ಅಂದರೆ 0.5 ಮತ್ತು 2.5ರ ನಡುವೆ ಒಂದೂ ಇಲ್ಲ, ಪೂರ್ತಿ ಖಾಲಿ. ತ್ರಿಜ್ಯ 3 ಇದ್ದಾಗ ಚ⁵ನ ಗಾತ್ರ 243, ಉಳಿದವು 180 + 9 + 1 = 190. ಈ ಸಲ ಮೊದಲ ಪದ ಗೆದ್ದಿತು, ಐದೂ ಮೂಲಗಳು 3ರೊಳಗೆ. ಹಾಗಾಗಿ ಉಳಿದ ಮೂರು 2.5 ಮತ್ತು 3ರ ನಡುವೆ.

ಇಷ್ಟು ತಿಳಿದ ಮೇಲೆ ಬಹುಪದೋಕ್ತಿಯನ್ನು ಅಂದಾಜಿಗೆ ಎರಡು ತುಂಡು ಮಾಡಬಹುದು. ಹತ್ತಿರದ ಮೂಲಗಳಿಗೆ ಚ⁵ ಲೆಕ್ಕಕ್ಕಿಲ್ಲ, 20ಚ² − 3ಚ − 1 = 0 ಬಿಡಿಸಿದರೆ ಸುಮಾರು 0.311 ಮತ್ತು −0.161. ದೂರದ ಮೂಲಗಳಿಗೆ ಕೆಳಗಿನ ಪದಗಳು ಲೆಕ್ಕಕ್ಕಿಲ್ಲ, ಚ³ = 20, ಸೊನ್ನೆಯಿಂದ ಸುಮಾರು 2.71 ದೂರದಲ್ಲಿ ಮೂರು ಮೂಲಗಳು. ಡಿಗ್ರಿ 5ರ ಸಮೀಕರಣವನ್ನು ಹೀಗೆ ಕಾಗದದ ಅಂಚಿನಲ್ಲಿ ಬಿಡಿಸುವ ಖುಷಿಯೇ ಬೇರೆ.

ಯಾವ ಪದ ಎಲ್ಲಿ ಗೆಲ್ಲುತ್ತದೆ ಎಂದು ಗೊತ್ತಾಗದಿದ್ದರೆ ಒಂದು ಚಿತ್ರ ಬರೆಯಿರಿ. ಅಡ್ಡಕ್ಕೆ ಘಾತ, ಉದ್ದಕ್ಕೆ ಸಹಗುಣಕದ ಗಾತ್ರದ ಲಾಗರಿದಮ್. ಬಿಂದುಗಳ ಮೇಲೆ ದಾರ ಬಿಗಿಯಾಗಿ ಎಳೆದು ಹೊದಿಸಿದ ಹಾಗೆ ಮೇಲಂಚಿನ ಗೆರೆಗಳನ್ನು ಎಳೆಯಿರಿ. ಇಲ್ಲಿ (0, 0), (2, 1.30), (5, 0) ಮೂರು ಮೂಲೆಗಳಾಗುತ್ತವೆ. ಮೊದಲ ಗೆರೆ ಅಡ್ಡಕ್ಕೆ 2 ಉದ್ದ, ಹಾಗಾಗಿ ಎರಡು ಮೂಲಗಳ ಗುಂಪು. ಎರಡನೆಯದು 3 ಉದ್ದ, ಮೂರು ಮೂಲಗಳ ಗುಂಪು. ಗೆರೆಯ ಇಳಿಜಾರಿನ ಚಿಹ್ನೆ ಬದಲಿಸಿ 10ರ ಘಾತಕ್ಕೆ ಹಾಕಿದರೆ ಗುಂಪಿನ ಸರಿಸುಮಾರು ದೂರ: 0.22 ಮತ್ತು 2.71. ಮೂಲೆಗಳು ಚೂಪಾಗಿದ್ದಷ್ಟೂ ಈ ಅಂದಾಜನ್ನು ನಂಬಬಹುದು. ನಮ್ಮ ಪ(ಚ)ಗೆ ಇದೇ ಚಿತ್ರ ಬರೆದರೆ ಮೂಲೆ ತೀರಾ ಮೊಂಡು, ಅಲ್ಲಿ ಇದರಿಂದ ಹೆಚ್ಚೇನೂ ಸಿಗುವುದಿಲ್ಲ.

ಹಂತ 10: ಸಹಗುಣಕದಲ್ಲೇ ತಪ್ಪಿದ್ದರೆ?

ಅಳತೆಯಿಂದ ಬಂದ ಸಹಗುಣಕಗಳು ಎಂದಿಗೂ ಪಕ್ಕಾ ಅಲ್ಲ. ಕಂಪ್ಯೂಟರು ಕೂಡ ಅವನ್ನು ದುಂಡಗೆ ಮಾಡಿಯೇ ಇಟ್ಟುಕೊಳ್ಳುತ್ತದೆ. ಹಾಗಾದರೆ ಮೂಲ ಎಷ್ಟು ಕದಲುತ್ತದೆ?

ಸಹಗುಣಕದಲ್ಲಾದ ಬದಲಾವಣೆಯನ್ನು, ಮೂಲವನ್ನು ಆ ಪದದ ಘಾತಕ್ಕೆ ಏರಿಸಿದ ಬೆಲೆಯಿಂದ ಗುಣಿಸಿ. ಅದನ್ನು ಮೂಲದಲ್ಲಿ ಬಹುಪದೋಕ್ತಿಯ ನಿಷ್ಪನ್ನದ (ಚ ಬದಲಾದಂತೆ ಬಹುಪದೋಕ್ತಿ ಬದಲಾಗುವ ದರ) ಬೆಲೆಯಿಂದ ಭಾಗಿಸಿ, ಚಿಹ್ನೆ ಬದಲಿಸಿ. ಚಿಕ್ಕ ಬದಲಾವಣೆಗೆ ಇದು ಒಳ್ಳೆಯ ಅಂದಾಜು. ನಮ್ಮ ಪ(ಚ)ನಲ್ಲಿ 2.049ರ ಹತ್ತಿರ ನಿಷ್ಪನ್ನ ಸುಮಾರು 42. ಸ್ಥಿರಾಂಕ −20 ಹೋಗಿ −20.1 ಆದರೆ ಮೂಲ 0.1/42, ಅಂದರೆ 0.0024ರಷ್ಟು ಮಾತ್ರ ಬಲಕ್ಕೆ ಸರಿಯುತ್ತದೆ. ಚಿಂತೆ ಇಲ್ಲ.

ಚಿಂತೆ ಎಲ್ಲಿ ಎಂದರೆ ಬ್ರಿಟಿಷ್ ಗಣಿತಜ್ಞ ವಿಲ್ಕಿನ್ಸನ್ ತೋರಿಸಿದ ಬಹುಪದೋಕ್ತಿಯಲ್ಲಿ. ಅದರ ಮೂಲಗಳು 1, 2, 3 ಹೀಗೆ 20ರ ತನಕ, ನೋಡಲು ಇದಕ್ಕಿಂತ ಸಾಧು ಬಹುಪದೋಕ್ತಿ ಇಲ್ಲ. ಚ¹⁹ನ ಸಹಗುಣಕ −210. ಅದರಿಂದ ಸುಮಾರು 0.00000012 ಕಳೆಯಿರಿ. 20 ಇದ್ದ ಮೂಲ 20.85ಕ್ಕೆ ಹಾರುತ್ತದೆ. ಹತ್ತು ಮೂಲಗಳು ವಾಸ್ತವ ರೇಖೆಯನ್ನೇ ಬಿಟ್ಟು ಐದು ಸಂಕೀರ್ಣ ಜೋಡಿಗಳಾಗುತ್ತವೆ. 1, 2, 3ರಂಥ ಚಿಕ್ಕ ಮೂಲಗಳು ಮಾತ್ರ ಅಲ್ಲಾಡುವುದೇ ಇಲ್ಲ. ಮೇಲಿನ ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ಮೂಲ 20ರಲ್ಲಿ ಗುಣಕ 20ರ 19ನೇ ಘಾತವನ್ನು 19ರ ಫ್ಯಾಕ್ಟೋರಿಯಲ್‌ನಿಂದ (1ರಿಂದ 19ರ ತನಕದ ಸಂಖ್ಯೆಗಳ ಗುಣಲಬ್ಧ) ಭಾಗಿಸಿದಷ್ಟು, ಸುಮಾರು 4.3 ಕೋಟಿ. ಸಹಗುಣಕದ ಚೂರು ತಪ್ಪು ಅಷ್ಟು ಪಟ್ಟು ಹಿಗ್ಗುತ್ತದೆ. ಮೂಲ 1ರಲ್ಲಾದರೆ ಅದೇ ಗುಣಕ 1ನ್ನು 19ರ ಫ್ಯಾಕ್ಟೋರಿಯಲ್‌ನಿಂದ ಭಾಗಿಸಿದಷ್ಟು, ಇಲ್ಲವೆಂದೇ ಹೇಳಬಹುದು.

ಹಾಗಾಗಿ ಪೈಥಾನಿನ ನಮ್‌ಪೈ ಲೈಬ್ರರಿಯಂಥ ಸಾಧನ ಕೊಟ್ಟ ಮೂಲಗಳನ್ನು ಎರಡು ರೀತಿ ಪರೀಕ್ಷಿಸಿ. ಮೊದಲು ಹಂತ 2ರ ಮೊತ್ತ, ಗುಣಲಬ್ಧ ಹೊಂದುತ್ತವೆಯೇ ನೋಡಿ. ಆಮೇಲೆ ಪ್ರತಿ ಮೂಲದಲ್ಲಿ ನಿಷ್ಪನ್ನದ ಬೆಲೆ ಹಾಕಿ ಮೇಲಿನ ಗುಣಕ ಲೆಕ್ಕ ಮಾಡಿ. ಗುಣಕ ಲಕ್ಷ, ಕೋಟಿ ಮುಟ್ಟಿದರೆ ಆ ಮೂಲದ ಕೊನೆಯ ಅಂಕಿಗಳನ್ನು ನಂಬಬೇಡಿ.

ನಿಷ್ಪನ್ನವೇ ಸೊನ್ನೆಯಾದರೆ ಅಲ್ಲಿ ಪುನರಾವರ್ತಿತ ಮೂಲ ಇದೆ, ಆಗ ಭಾಗಾಕಾರದ ಈ ಲೆಕ್ಕವೇ ನಡೆಯುವುದಿಲ್ಲ. ಚ² − 2ಚ + 1ರಲ್ಲಿ 1 ಎಂಬುದು ಎರಡು ಸಲ ಬರುವ ಮೂಲ. ಸ್ಥಿರಾಂಕ 0.9999 ಆದರೆ ಮೂಲಗಳು 0.99 ಮತ್ತು 1.01, ತಪ್ಪಿನ ನೂರು ಪಟ್ಟು ಕದಲಿಕೆ. 1.0001 ಆದರೆ ಎರಡೂ ಸಂಕೀರ್ಣ. ಇಂಥ ಕಡೆ ದಶಮಾಂಶಕ್ಕೆ ಇಳಿಯುವ ಮೊದಲೇ ಬಹುಪದೋಕ್ತಿ ಮತ್ತು ಅದರ ನಿಷ್ಪನ್ನದ ಮಹತ್ತಮ ಸಾಮಾನ್ಯ ಅಪವರ್ತನ ತೆಗೆಯಿರಿ. ಅದರಿಂದ ಭಾಗಿಸಿದರೆ ಪ್ರತಿ ಮೂಲವೂ ಒಂದೊಂದೇ ಸಲ ಉಳಿಯುತ್ತದೆ, ಮೇಲಿನ ಹಂತಗಳನ್ನು ಆ ಭಾಗಲಬ್ಧದ ಮೇಲೆ ಹಾಕಿ.